ಬೂದಿಬಟ್ಟಲು

ರಿವರ್ಟನ್ನಿನ ದಕ್ಕೆಯ ಹಿಂದಿನ ನನ್ನ ಶೆಡ್ಡಿಗೆ
ಮಂಗಳವಾರ ಗಾಳಿ ತಗ್ಗಿದ ಮೇಲೆ ಬಂದಳು ಮೆರೆಯಾನಾ.
ಹಳೆ ಟವೆಲು ಬಿಚ್ಚಿ ಮೇಜಿನ ಮೇಲಿಟ್ಟು
"ಇದರಲ್ಲೊಂದು ಚೂರಿಗೆ ಹಿಡಿ ಆದೀತೇ?" ಎಂದಳು.

ಪಾವಾ ಚಿಪ್ಪು. ಅಂಗೈಗಿಂತ ಅಗಲ.
ನೀಲಿ ಹಸಿರು ಹೊಳೆಯಬೇಕಾದ ತಳದಲ್ಲಿ
ಮೂವತ್ತು ವರ್ಷದ ಹೊಗೆ ಕೂತು ಕಂದಾಗಿತ್ತು;
ಅಂಚಿಗೆ ಸಿಗರೇಟು ಆನಿಸಿ ಆನಿಸಿ
ಸುಟ್ಟ ಮೂರು ಕುಳಿ, ಹುಳುಕು ಹಲ್ಲಿನ ಹಾಗೆ.

ಆಗೆಲ್ಲ ಈ ಊರಿನ ಮನೆಮನೆಗೂ ಇಂಥದೊಂದು.
ಒಳಗಿನ ಜೀವವನ್ನು ಬೆಣ್ಣೆಯಲ್ಲಿ ಹುರಿದು ತಿಂದು
ಕಾಮನಬಿಲ್ಲಿನ ಮೇಲೆ ಬೂದಿ ಕೊಡವಿದ ಮಂದಿ ನಾವು.

"ಅಮ್ಮನದು."
ಅಷ್ಟೇ ಅಂದಳು. ಟಿಲ್ಲಿ ನನಗೂ ಗೊತ್ತು:
ಮೀನಿನ ಕಾರ್ಖಾನೆಯಲ್ಲಿ ನಿಮಿಷಕ್ಕೆ ನಾಲ್ಕು ಸೀಳುತ್ತಿದ್ದಳು,
ತುಟಿಯಲ್ಲಿ ಸಿಗರೇಟು, ಒಂದು ಹರಳು ಬೂದಿಯೂ
ಮೀನಿನ ಮೇಲೆ ಬಿದ್ದದ್ದನ್ನು ಕಂಡವರಿಲ್ಲ.
ನನಗೆ ನೂರಿಪ್ಪತ್ತು ಡಾಲರು ಬಾಕಿ ಇಟ್ಟೇ ಹೋದಳು.

ಚಿಪ್ಪಿನದು ಬಾಗಿದ ಮೈ, ಅಲಗಿನದು ನೆಟ್ಟಗಿನ ಹಟ.
ಎರಡನ್ನೂ ಒಪ್ಪಿಸುವುದು ಸಂಬಂಧ ಕುದುರಿಸಿದ ಹಾಗೆ,
ಯಾರಾದರೊಬ್ಬರು ಚೂರಾಗಬೇಕು.
ಚೂರಾಗುವುದು ಯಾವಾಗಲೂ ಚಿಪ್ಪೇ.

ನೀರು ಬಿಡುತ್ತಾ ಉಜ್ಜಿದೆ. ಒಣದಾಗಿ ಉಜ್ಜಿದರೆ
ಆ ಪುಡಿ ಎದೆಗಿಳಿದು ಅಲ್ಲೇ ಮನೆ ಮಾಡುತ್ತದೆ.
ಮುಖವಾಡದೊಳಗೂ ವಾಸನೆ ಬಂತು:
ಮೊದಲು ಸುಟ್ಟ ಕೂದಲು, ಆಮೇಲೆ ಕೊಳೆತ ಇಳಿತದ ದಂಡೆ,
ಆಮೇಲೆ, ಆಣೆಗೂ, ತಂಬಾಕು.
ಕಂದು ಹೋಯಿತು.
ಅಡಿಯಿಂದ ನೀಲಿ ಎದ್ದು ಬಂತು, ನಿದ್ದೆಗೆಟ್ಟವರ ಸಿಟ್ಟಿನಂತೆ.

ಸುಟ್ಟ ಅಂಚನ್ನು ಕತ್ತರಿಸಿ ಬಕೆಟ್ಟಿಗೆ ಎಸೆದೆ.

ರೆಸಿನ್ನಿಗೆ ಎರಡು ಬಾಟಲಿ, ಒಂದು ತಕ್ಕಡಿ, ಬಹಳ ತಾಳ್ಮೆ.
ಅವಸರದಲ್ಲಿ ಕಲಕಿದರೆ ಗಾಳಿಗುಳ್ಳೆ;
ಗುಳ್ಳೆ ಗಟ್ಟಿಯಾದರೆ ಆಡಿದ ಮಾತಿನಂತೆ, ಹಿಂದಿರುಗದು.
ಚೂರುಗಳ ಬೆನ್ನಿಗೆ ಕಪ್ಪು ಬಳಿದೆ,
ಕಪ್ಪಿಲ್ಲದೆ ನೀಲಿಗೆ ಆಳವಿಲ್ಲ.
ಸುರಿದೆ. ಗಟ್ಟಿಯಾಗುತ್ತಾ ಅಚ್ಚು ತಾನೇ ಬಿಸಿಯೇರಿತು.
ಚೂರಿಯ ಕಾವಿಗೂ ತನ್ನದೇ ಕಾವು ಬೇಕು.
ಕೈಯಿಟ್ಟು ನೋಡಿದೆ: ಜ್ವರ ಬಂದ ಮಗುವಿನ ಹಣೆ.

ಶನಿವಾರ ಬಂದಳು.
ಹಿಡಿಯನ್ನು ಕಿಟಕಿಗೆ ಹಿಡಿದಳು. ತಿರುಗಿಸಿದಳು.
ಮಾಡಿದ ನನಗೇ ಹೆಮ್ಮೆಯಿತ್ತು:
ಹಸಿರೊಳಗೆ ನೇರಳೆ, ನೇರಳೆಯೊಳಗೆ ಒಂದು ಎಳೆ ಗುಲಾಬಿ,
ಅಂಗಡಿಯ ಗಾಜಿನ ಹಿಂದೆ ಇಡಬಹುದಾದದ್ದು.

"ಚೆನ್ನಾಗಿದೆ" ಎಂದಳು,
"ಆದರೆ ಇದು ಯಾರದೋ."
ಮತ್ತೆ, ಇನ್ನೂ ಮೆಲ್ಲಗೆ:
"ಸುಟ್ಟ ಕಡೆ ಎಲ್ಲಿ?"

ಬಕೆಟ್ಟಿನ ಬೂದುಬಣ್ಣದ ರಾಡಿಯಲ್ಲಿ
ಮೊಣಕೈವರೆಗೆ ಕೈ ಹಾಕಿ ತಡಕಿದೆ.
ಅವಳು ಕೋಟು ಬಿಚ್ಚಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು,
ಅವಳೂ ಕೈ ಹಾಕಿದಳು.
ಇಬ್ಬರೂ ಮಾತಾಡಲಿಲ್ಲ. ಟ್ರಾಲರೊಂದು ಒಳಗೆ ಬಂತು,
ಅದರ ಅಲೆ ದಕ್ಕೆಯ ಕಂಬಗಳಿಗೆ ತಟ್ಟಿ ಹೋಯಿತು.
ಸಿಕ್ಕಿದ್ದು ಒಂದೇ ಕುಳಿ. ಉಗುರಿನಷ್ಟು.

ಹೊಳಪು ಕೊಟ್ಟಿದ್ದ ಹಿಡಿಯಲ್ಲಿ
ಹೆಬ್ಬೆರಳು ಕೂರುವ ಜಾಗವನ್ನು ಕೊರೆದೆ,
ನನ್ನ ಕೆಲಸವನ್ನು ನಾನೇ ಕೆಡಿಸುತ್ತಾ.
ಕರಕಲನ್ನು ಕೂರಿಸಿ ಮೇಲೆ ತಿಳಿ ರೆಸಿನ್ ಇಳಿಬಿಟ್ಟೆ.
ಕೈ ನಡುಗಿತೋ, ಚಳಿಯಿತ್ತೋ,
ಒಂದು ಗುಳ್ಳೆ ಉಳಿದುಹೋಯಿತು.

ಅದನ್ನು ಅವಳು ನೋಡಿದಳು. ಕೇಳಲಿಲ್ಲ.
ಹೇಳಿದ ಬೆಲೆಗೆ ಮೂವತ್ತು ಚೌಕಾಸಿ ಮಾಡಿದಳು.
ತಾಯಿಯ ಮಗಳು.

ಮೊನ್ನೆ ದಕ್ಕೆಯ ಕಲ್ಲಿನ ಮೇಲೆ ಕಂಡೆ:
ಕಾಡ್ ಮೀನಿನ ಹೊಟ್ಟೆ ಬಗೆಯುತ್ತಿದ್ದಳು,
ತಲೆಯ ಮೇಲೆ ಕಡಲಹಕ್ಕಿಗಳ ಜಗಳ.
ಹೆಬ್ಬೆರಳು ಅಲ್ಲೇ ಇತ್ತು.
ಹಿಡಿಯ ತುಂಬ ಮೀನಿನ ಹುರುಪೆ ಅಂಟಿ
ಯಾವುದು ಚಿಪ್ಪು, ಯಾವುದು ಹುರುಪೆ,
ನಾನು ನಿಂತಲ್ಲಿಂದ ತಿಳಿಯುತ್ತಿರಲಿಲ್ಲ.